ಟಿಪಿಎಂಟಿ ವರದಿ ನಾರ್ಮಲ್, ಬಿಳಿ ರಕ್ತಕಣ 900: ಬೆಂಗಳೂರಿನ ಒಂದು ಪ್ರಕರಣ

ರೋಗಿಗೆ 26 ವರ್ಷ. ತುಮಕೂರು ಜಿಲ್ಲೆಯ ಹಳ್ಳಿಯವಳು. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ, ದಾಸರಹಳ್ಳಿಯಲ್ಲಿ ತಾಯಿ ಮತ್ತು ತಮ್ಮನ ಜೊತೆ ಬಾಡಿಗೆ ಮನೆ. ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣೆದ್ದು ರಕ್ತ ಸೋರುವ, ವರ್ಷಗಟ್ಟಲೆ ಕಾಡುವ ಉರಿಯೂತ. ನಾನು ಜೆನೆಟಿಕ್ ಕೌನ್ಸೆಲರ್, ಅಂದರೆ ಜೀನ್ ಪರೀಕ್ಷೆಯ ಅರ್ಥವನ್ನು ರೋಗಿಗೂ ಮನೆಯವರಿಗೂ ತಿಳಿಸಿ ಹೇಳುವವಳು. ಈ ಪ್ರಕರಣ ನನ್ನ ಬಳಿ ಬಂದದ್ದು ಆಕೆ ಸಾವಿನ ದವಡೆಯಿಂದ ಪಾರಾದ ಮೇಲೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ, ವೈದ್ಯಕೀಯ ಸಂಗತಿಗಳನ್ನು ಮುಟ್ಟಿಲ್ಲ.

ಒಂದೂವರೆ ವರ್ಷ ಮಲದಲ್ಲಿ ರಕ್ತ ಹೋಗುತ್ತಿತ್ತು. ಮನೆಯಲ್ಲಿ ಉಷ್ಣ ಎಂದರು. ನೆನೆಸಿದ ಮೆಂತ್ಯ, ಮಜ್ಜಿಗೆ, ಎಳನೀರು, ಕಾಮಕಸ್ತೂರಿ ಬೀಜ ಎಲ್ಲವೂ ಆಯಿತು. ಬಡಾವಣೆಯ ಕ್ಲಿನಿಕ್ಕಿನಲ್ಲಿ ಒಮ್ಮೆ ಮೂಲವ್ಯಾಧಿ ಎಂದು ಮುಲಾಮು ಕೊಟ್ಟರು, ಇನ್ನೊಮ್ಮೆ ಆಮಶಂಕೆ ಎಂದು ಮೆಟ್ರೊನಿಡಜೋಲ್ ಬರೆದರು. ಗಾರ್ಮೆಂಟ್ಸ್ ಲೈನಿನಲ್ಲಿ ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಇರುತ್ತದೆ. ದಿನಕ್ಕೆ ಎಂಟು ಹತ್ತು ಸಲ ಶೌಚಾಲಯಕ್ಕೆ ಏಳಬೇಕಾದವಳು ಬೆಳಗ್ಗೆಯಿಂದ ಏನೂ ತಿನ್ನದೆ ಪಾಳಿ ಮುಗಿಸುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಈ ಮಾತು ಕೇಸ್ ಶೀಟಿನಲ್ಲಿ ಎಲ್ಲೂ ಇಲ್ಲ. ತೂಕ 44 ಕೆಜಿ, ಹಿಮೋಗ್ಲೋಬಿನ್ 7.8 ಎಂದಷ್ಟೇ ಇದೆ.

ಕೊನೆಗೆ ನಗರದ ಒಂದು ಆಸ್ಪತ್ರೆಯಲ್ಲಿ ಕೊಲೊನೊಸ್ಕೋಪಿ ಆಯಿತು, ಕರುಳಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಕರುಳಿನ ಕ್ಷಯ ಅಲ್ಲ ಎಂಬುದನ್ನೂ ಖಚಿತ ಮಾಡಿಕೊಂಡರು. ನಮ್ಮಲ್ಲಿ ಇದು ಬಿಡಲಾಗದ ಹೆಜ್ಜೆ, ಯಾಕೆಂದರೆ ಕ್ಷಯ ಒಳಗಿದ್ದಾಗ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಮೊದಲು ಮೆಸಲಮೈನ್, ನಂತರ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಸ್ಟಿರಾಯ್ಡ್ ಕೊಟ್ಟಷ್ಟು ದಿನ ಚೆನ್ನಾಗಿರುತ್ತಿತ್ತು. 20 ಮಿಲಿಗ್ರಾಂಗಿಂತ ಕೆಳಗಿಳಿಸಿದ ಕೂಡಲೇ ರಕ್ತ ಶುರು. ಇಂಥ ರೋಗಿಗೆ ಮುಂದಿನ ಮದ್ದು ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್.

ಅಜಾಥಯೋಪ್ರಿನ್ ಹಳೆಯ ಮದ್ದು. 1950ರ ದಶಕದಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ರೂಪಿಸಿದ ಮದ್ದುಗಳ ಸಾಲಿಗೆ ಸೇರಿದ್ದು, ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು. ಮಾತ್ರೆ ಅಗ್ಗ, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಬಯಾಲಜಿಕ್ ಇಂಜೆಕ್ಷನ್‌ಗಳ ಬೆಲೆ ತೆರಲಾಗದ ಮನೆಗಳಿಗೆ ವರ್ಷಗಟ್ಟಲೆ ಆಸರೆ ಅದೇ. ಆದ್ದರಿಂದ ಅದನ್ನು ಬರೆದದ್ದರಲ್ಲಿ ತಪ್ಪಿಲ್ಲ. ಬರೆಯುವ ಮುನ್ನ ವೈದ್ಯರು, ಈ ಮದ್ದು ಮೈಗೆ ಒಗ್ಗುತ್ತದೆಯೇ ಎಂದು ನೋಡುವ ಟಿಪಿಎಂಟಿ ಎಂಬ ಜೀನ್ ಪರೀಕ್ಷೆಯನ್ನೂ ಮಾಡಿಸಿದರು. ನಗರದಲ್ಲಿ ಎಷ್ಟೋ ಕಡೆ ಅಷ್ಟೂ ಮಾಡಿಸುವುದಿಲ್ಲ. ವರದಿ ನಾರ್ಮಲ್ ಬಂತು. ದಿನಕ್ಕೆ 50 ಮಿಲಿಗ್ರಾಂ, ಎರಡು ವಾರದ ನಂತರ 75, ಆರು ವಾರ ಬಿಟ್ಟು ಬಂದು ತೋರಿಸಿ ಎಂದು ಚೀಟಿಯಲ್ಲಿ ಬರೆದರು. ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತಕಣ ಎಣಿಸಬೇಕೆಂಬ ಮಾತು ಆ ಚೀಟಿಯಲ್ಲಿ ಇರಲಿಲ್ಲ. ಜೀನ್ ವರದಿ ನಾರ್ಮಲ್ ಇದೆಯಲ್ಲ ಎಂಬ ಧೈರ್ಯದಿಂದ ಆ ಸಾಲು ಬಿಟ್ಟುಹೋಯಿತೆಂದು ನನ್ನ ಊಹೆ.

ಕೂದಲು

ಮದ್ದು ಶುರುವಾಗಿ ಮೂರನೇ ವಾರ ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಬೋರ್‌ವೆಲ್ ನೀರಿನ ದೋಷ ಎಂದು ತಾಯಿ ಅಂದುಕೊಂಡರು. ನಾಲ್ಕೇ ದಿನದಲ್ಲಿ ನೆತ್ತಿ ಕಾಣುವಷ್ಟು ಉದುರಿತು. ಬಾಯಲ್ಲಿ ಹುಣ್ಣು, ಗಂಟಲು ನೋವು, ನಂತರ ಚಳಿ ಜ್ವರ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ ಒಂದು ಪಾಳಿ ಕೆಲಸವನ್ನೂ ಮಾಡಿದ್ದಾಳೆ. ಮಾರನೆಯ ರಾತ್ರಿ ತಮ್ಮ ಆಟೋದಲ್ಲಿ ಬೇರೊಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆತಂದಾಗ ಜ್ವರ 103 ಡಿಗ್ರಿ. ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 900. ಆರೋಗ್ಯವಂತರಲ್ಲಿ ಅದು 4,000ದಿಂದ 11,000 ಇರುತ್ತದೆ. ಸೋಂಕಿನ ವಿರುದ್ಧ ಮೊದಲು ನಿಲ್ಲುವ ನ್ಯೂಟ್ರೊಫಿಲ್ ಕಣಗಳು 200 ಕೂಡ ಇರಲಿಲ್ಲ. ಈ ಸ್ಥಿತಿಯಲ್ಲಿ ಜ್ವರ ಬಂದರೆ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು.

ಆ ರಾತ್ರಿ ಸುಳಿವು ಹಿಡಿದದ್ದು ರಕ್ತರೋಗ ವಿಭಾಗದ ಕಿರಿಯ ವೈದ್ಯೆ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಡುವ ಮರ್ಕ್ಯಾಪ್ಟೊಪ್ಯೂರಿನ್ ಇದೇ ಕುಲದ ಮದ್ದು. ದೇಹದೊಳಗೆ ಅಜಾಥಯೋಪ್ರಿನ್ ಮೊದಲು ಅದೇ ಆಗಿ ಬದಲಾಗುತ್ತದೆ. ಸಣ್ಣ ಡೋಸಿಗೇ ಕೂದಲು ಪೂರ್ತಿ ಉದುರಿ ಬಿಳಿಕಣ ಕುಸಿದ ಮಗುವೊಂದನ್ನು ಆಕೆ ಆ ವಾರ್ಡಿನಲ್ಲಿ ನೋಡಿದ್ದರು. ‘ಕೂದಲು ಯಾವಾಗಿಂದ ಉದುರ್ತಿದೆ, ಜ್ವರಕ್ಕೆ ಮುಂಚೆನಾ ಆಮೇಲಾ?’ ಎಂದು ಅವರು ಕೇಳಿದ್ದು ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಬಾಳುವ ಪ್ರಶ್ನೆ ಎಂದು ನಾನು ನಂಬಿದ್ದೇನೆ. ಜ್ವರಕ್ಕೆ ಮುಂಚೆ, ಮದ್ದು ಶುರುವಾದ ಎರಡು ಮೂರು ವಾರದಲ್ಲಿ, ಕುಚ್ಚುಕುಚ್ಚಾಗಿ ಕೂದಲು ಉದುರಿದರೆ ಮೊದಲು ಅನುಮಾನಿಸಬೇಕಾದ್ದು ಎನ್‌ಯುಡಿಟಿ15 ಎಂಬ ಜೀನನ್ನು.

ಮಾತ್ರೆಯನ್ನು ಆ ಕ್ಷಣವೇ ನಿಲ್ಲಿಸಿದರು. ರಕ್ತನಾಳದ ಮೂಲಕ ಆಂಟಿಬಯಾಟಿಕ್, ಮೂಳೆಮಜ್ಜೆಯನ್ನು ಎಬ್ಬಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್, ಪ್ರತ್ಯೇಕ ಕೋಣೆ. ಕಣಗಳು ಏರಲು ಹನ್ನೆರಡು ದಿನ ಬೇಕಾಯಿತು. ರಕ್ತ ಪರೀಕ್ಷೆಯ ಫಲಿತಾಂಶ ಬಂದದ್ದು ಆಕೆ ಮನೆಗೆ ಹೋಗುವ ಹೊತ್ತಿಗೆ: ಎನ್‌ಯುಡಿಟಿ15 ಜೀನಿನ 415ನೇ ಸ್ಥಾನದಲ್ಲಿ ಡಿಎನ್‌ಎಯ ಸಿ ಅಕ್ಷರ ಇರಬೇಕಾದಲ್ಲಿ ಟಿ, ತಂದೆಯಿಂದ ಬಂದ ಪ್ರತಿಯಲ್ಲೂ ತಾಯಿಯಿಂದ ಬಂದ ಪ್ರತಿಯಲ್ಲೂ.

ಎರಡು ತೂಬು

ತಾಯಿಗೆ ನಾನು ಇದನ್ನು ಅವರೂರ ಕೆರೆಯ ಲೆಕ್ಕದಲ್ಲಿ ಹೇಳಿದೆ. ಮದ್ದು ಮೈಯೊಳಗೆ ತುಂಬಿಕೊಳ್ಳದಂತೆ ಹೊರಬಿಡಲು ಎರಡು ತೂಬುಗಳಿವೆ. ಒಂದು ಟಿಪಿಎಂಟಿ, ಇನ್ನೊಂದು ಎನ್‌ಯುಡಿಟಿ15. ಮೊದಲನೆಯದು ಸರಿಯಿದೆಯೇ ಎಂದು ನೋಡಿದರು, ಸರಿಯಿತ್ತು. ಎರಡನೆಯದನ್ನು ಯಾರೂ ನೋಡಲಿಲ್ಲ, ಅದು ಹುಟ್ಟಿನಿಂದಲೇ ಮುಚ್ಚಿತ್ತು. ವಿಜ್ಞಾನದ ಮಾತಿನಲ್ಲಿ ಹೇಳುವುದಾದರೆ, ಈ ಮದ್ದಿನ ಕ್ರಿಯಾಶೀಲ ರೂಪ ಡಿಎನ್‌ಎಯೊಳಗೆ ಹೊಕ್ಕು ವಿಭಜಿಸುವ ಕೋಶವನ್ನು ಕೊಲ್ಲುತ್ತದೆ. ಎನ್‌ಯುಡಿಟಿ15 ಕಿಣ್ವ ಆ ರೂಪವನ್ನು ಮುರಿದು ನಿರುಪದ್ರವಿ ಮಾಡುತ್ತದೆ. ಕಿಣ್ವ ಕೆಲಸ ಮಾಡದಿದ್ದರೆ ಸಾಮಾನ್ಯ ಡೋಸೇ ವಿಷ. ಮೂಳೆಮಜ್ಜೆ ಮತ್ತು ಕೂದಲಿನ ಬುಡ, ಎರಡೂ ಎಡೆಬಿಡದೆ ಕೋಶ ಹುಟ್ಟಿಸುವ ಜಾಗಗಳಾದ್ದರಿಂದ ಮೊದಲ ಪೆಟ್ಟು ಅಲ್ಲಿಗೇ ಬೀಳುತ್ತದೆ.

ಹಾಗಾದರೆ ಮೊದಲನೆಯ ತೂಬನ್ನು ಮಾತ್ರ ಯಾಕೆ ನೋಡಿದರು? ಉತ್ತರ ಆ ಒಬ್ಬ ವೈದ್ಯರಲ್ಲಿಲ್ಲ, ಪರೀಕ್ಷೆ ಹುಟ್ಟಿದ ರೀತಿಯಲ್ಲಿದೆ. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಟಿಪಿಎಂಟಿಯ ಒಂದು ಪ್ರತಿ ದುರ್ಬಲ, ಸುಮಾರು 300ರಲ್ಲಿ ಒಬ್ಬರಿಗೆ ಎರಡೂ. ಅವರಲ್ಲಿ ಕಾಣುವ ಅಪಾಯದ ಬಹುಪಾಲನ್ನು ಅದು ವಿವರಿಸಿದ್ದರಿಂದ ಅದೇ ಪಠ್ಯಪುಸ್ತಕಕ್ಕೂ ಲ್ಯಾಬುಗಳ ಪಟ್ಟಿಗೂ ಸೇರಿತು. ಏಷ್ಯಾದ ರೋಗಿಗಳಲ್ಲಿ ಟಿಪಿಎಂಟಿ ದೋಷ ಕಡಿಮೆ, ಆದರೂ ಬಿಳಿಕಣ ಕುಸಿಯುವುದು ಹೆಚ್ಚು. ವೈದ್ಯರು ಇದನ್ನು ಬಹಳ ಕಾಲದಿಂದ ಕಂಡಿದ್ದರು, ಕಾರಣ ಸಿಕ್ಕಿರಲಿಲ್ಲ.

ಸಿಕ್ಕಿದ್ದು 2014ರಲ್ಲಿ, ದಕ್ಷಿಣ ಕೊರಿಯಾದಲ್ಲಿ. ಕರುಳಿನ ಉರಿಯೂತದ ಕಾಯಿಲೆಗಳ (ಐಬಿಡಿ) ಇನ್ನೊಂದು ರೂಪವಾದ ಕ್ರೋನ್ಸ್ ಕಾಯಿಲೆಯ 978 ಕೊರಿಯನ್ ರೋಗಿಗಳನ್ನು ತೆಗೆದುಕೊಂಡು, ಈ ಮದ್ದಿಗೆ ಬಿಳಿಕಣ ಕುಸಿದವರನ್ನೂ ಕುಸಿಯದವರನ್ನೂ ಹೋಲಿಸಿದರು. ಮದ್ದು ಶುರುವಾದ ಕೆಲವೇ ವಾರಗಳಲ್ಲಿ ಕುಸಿದವರಲ್ಲಿ ಎನ್‌ಯುಡಿಟಿ15ರ ಈ ಒಂದಕ್ಷರದ ಬದಲಾವಣೆ ಎದ್ದು ಕಂಡಿತು. ಹಾಗೆ ಬೇಗ ಕುಸಿದ ನೂರು ಮಂದಿಯಲ್ಲಿ ಈ ಬದಲಾವಣೆ ಸುಮಾರು 89 ಮಂದಿಯನ್ನು ಗುರುತಿಸುತ್ತಿತ್ತು, ಟಿಪಿಎಂಟಿ ಬದಲಾವಣೆಗಳು ಗುರುತಿಸುತ್ತಿದ್ದುದು 12 ಮಂದಿಯನ್ನು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಯುರೋಪಿನಲ್ಲಿ ಇದೇ ಬದಲಾವಣೆಯ ಆವರ್ತನ ಶೇ. 1ಕ್ಕಿಂತ ಕಡಿಮೆ. ಅಲ್ಲಿ ಮಾತ್ರ ಹುಡುಕುತ್ತ ಕೂತಿದ್ದರೆ ಇನ್ನೆಷ್ಟು ಕಾಲ ಬೇಕಿತ್ತೋ.

ಕೊರಿಯಾದ ಕೆಲಸ ಕೊರಿಯಾದವರಿಗಷ್ಟೇ ಉಪಯೋಗಕ್ಕೆ ಬಂತೆಂದೂ ಅಲ್ಲ. ಯಾವ ಜೀನನ್ನು ನೋಡಬೇಕೆಂದು ತಿಳಿದ ಮೇಲೆ ಯುರೋಪ್ ಮೂಲದ ಐಬಿಡಿ ರೋಗಿಗಳಲ್ಲೂ ಹುಡುಕಿದರು, ಅದೇ ಜೀನಿನಲ್ಲಿ ಬೇರೆಯೊಂದು ಅಪಾಯಕಾರಿ ಬದಲಾವಣೆ ಇರುವುದು 2019ರಲ್ಲಿ ಪ್ರಕಟವಾಯಿತು. ಇಷ್ಟರಲ್ಲಿ ಜೀನ್ ನೋಡಿ ಮದ್ದಿನ ಡೋಸ್ ನಿರ್ಧರಿಸುವ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಪರಿಷ್ಕೃತವಾಗಿ, ಟಿಪಿಎಂಟಿಯ ಪಕ್ಕದಲ್ಲಿ ಎನ್‌ಯುಡಿಟಿ15 ಸೇರಿತ್ತು. ಒಂದು ಪ್ರತಿ ದುರ್ಬಲವಿದ್ದರೆ ಡೋಸ್ ಇಳಿಸಿ ಶುರುಮಾಡಿ, ಎರಡೂ ದುರ್ಬಲವಿದ್ದರೆ ಕರುಳಿನ ಉರಿಯೂತದಂಥ ಕಾಯಿಲೆಗೆ ಬೇರೆ ಮದ್ದು ಯೋಚಿಸಿ ಎನ್ನುತ್ತದೆ ಅದು. ಅಂದರೆ ನಮ್ಮ ರೋಗಿ ಮೊದಲ ಮಾತ್ರೆ ನುಂಗುವ ವೇಳೆಗೆ ಜ್ಞಾನ ಇತ್ತು. ಆ ಲ್ಯಾಬಿನ ಪ್ಯಾಕೇಜಿನಲ್ಲಿ ಅದು ಇರಲಿಲ್ಲ.

ಅಮ್ಮನ ಪ್ರಶ್ನೆ

ವಂಶವೃಕ್ಷ ಬರೆದುಕೊಳ್ಳುವಾಗ ತಾಯಿ ತಡೆದು ತಡೆದು ಹೇಳಿದರು, ಅವರು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಗಂಡ ತೀರಿಕೊಂಡು ಆರು ವರ್ಷ. ‘ನಾವು ಸಂಬಂಧದಲ್ಲೇ ಆಗಿದ್ದಕ್ಕೆ ನನ್ನ ಮಗಳಿಗೆ ಹಿಂಗಾಯ್ತಾ ಮೇಡಂ?’ ಎಂದು ಕೇಳಿದರು. ಮಗಳು, ‘ಅಮ್ಮ, ಸುಮ್ನಿರಮ್ಮ’ ಎಂದಳು. ಸುಮ್ಮನಿರಿಸುವ ಪ್ರಶ್ನೆ ಅದಲ್ಲ. ನಾನು ಲೆಕ್ಕ ಹಾಕಿಯೇ ತೋರಿಸಿದೆ.

ದಕ್ಷಿಣ ಏಷ್ಯಾದ ಮಾದರಿಗಳಲ್ಲಿ ಈ ಬದಲಾವಣೆಯ ಆವರ್ತನ ಸುಮಾರು ಶೇ. 7, ಅಂದರೆ ಜೀನಿನ ನೂರು ಪ್ರತಿಗಳಲ್ಲಿ ಏಳು. ಸಂಬಂಧವಿಲ್ಲದ ಇಬ್ಬರು ಮದುವೆಯಾದರೆ ಮಗುವಿಗೆ ಎರಡೂ ಪ್ರತಿ ದುರ್ಬಲವಾಗುವ ಸಾಧ್ಯತೆ ಸುಮಾರು 200ರಲ್ಲಿ ಒಂದು. ಸೋದರಮಾವ ಮತ್ತು ಅಕ್ಕನ ಮಗಳ ಮದುವೆಯಲ್ಲಿ ಇಬ್ಬರೂ ಒಂದೇ ಮನೆತನದ ಪ್ರತಿಗಳನ್ನು ಹಂಚಿಕೊಂಡಿರುವುದರಿಂದ ಅದು ಸುಮಾರು 77ರಲ್ಲಿ ಒಂದಾಗುತ್ತದೆ. ಹೆಚ್ಚಾಯಿತು, ನಿಜ. ಆದರೆ ಈ ಬದಲಾವಣೆ ತಾನಾಗಿ ಯಾವ ಕಾಯಿಲೆಯನ್ನೂ ತರುವುದಿಲ್ಲ. ಕರುಳಿನ ಉರಿಯೂತಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಒಂದು ಕುಲದ ಮದ್ದು ಮೈಗೆ ಸೇರದಿದ್ದರೆ ಮಗಳು ನೂರು ವರ್ಷ ಬಾಳಿದರೂ ಅದು ಇರುವುದು ಗೊತ್ತಾಗುತ್ತಿರಲಿಲ್ಲ. ‘ಹಂಗಾದ್ರೆ ಮಾತ್ರೆ ಕೊಡೋರು ಕೇಳ್ಬೇಕಿತ್ತು’ ಎಂದರು ತಾಯಿ. ಅವರು ಹೇಳಿದ್ದು ಸರಿ. ಸೋದರಿಕೆಯ ಮದುವೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಹೊಸತಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಅಪಾಯದ ಅಂದಾಜೂ ಇಲ್ಲಿನ ರೋಗಿಗೆ ಸಾಲದು.

ತಮ್ಮನ ರಕ್ತವನ್ನೂ ಪರೀಕ್ಷಿಸಿದೆವು, ಅವನಿಗೆ ಒಂದು ಪ್ರತಿ ದುರ್ಬಲ. ಅಕ್ಕ ತಮ್ಮ ಇಬ್ಬರಿಗೂ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೊಂದು ಚೀಟಿ ಮಾಡಿ ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇವೆ. ಅಜಾಥಯೋಪ್ರಿನ್, ಮರ್ಕ್ಯಾಪ್ಟೊಪ್ಯೂರಿನ್, ಥಯೋಗ್ವಾನಿನ್ ಎಂಬ ಮೂರು ಹೆಸರು ಅದರಲ್ಲಿವೆ. ಕೀಲು, ಚರ್ಮ, ಮೂತ್ರಪಿಂಡದ ಕಾಯಿಲೆಗಳಿಗೂ ಅಜಾಥಯೋಪ್ರಿನ್ ಕೊಡುವುದರಿಂದ, ನಾಳೆ ಯಾವ ವೈದ್ಯರ ಮುಂದೆ ಕೂತರೂ ಆ ಚೀಟಿ ಮೇಜಿನ ಮೇಲೆ ಬರಬೇಕು.

ಯಾರ ರಕ್ತ, ಯಾರ ಪಟ್ಟಿ

ಶೇ. 7 ಎಂಬ ಆ ಸಂಖ್ಯೆಯ ಬಗ್ಗೆಯೇ ನಾನು ಸ್ವಲ್ಪ ನಿಲ್ಲಬೇಕು. 2015ರಲ್ಲಿ ಮುಗಿದ ಸಾವಿರ ಜೀನೋಮ್ ಯೋಜನೆ ಜಗತ್ತಿನ 26 ಜನಸಮುದಾಯಗಳ 2,504 ಜನರ ಜೀನೋಮನ್ನು, ಅಂದರೆ ಇಡೀ ಡಿಎನ್‌ಎಯನ್ನು, ಓದಿತು. ಅದರಲ್ಲಿ ದಕ್ಷಿಣ ಏಷ್ಯಾದ ಗುಂಪುಗಳು ಐದು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿರುವ ತೆಲುಗರು, ಬ್ರಿಟನ್ನಿನಲ್ಲಿರುವ ಶ್ರೀಲಂಕಾ ತಮಿಳರು. ಭಾರತದ ನೆಲದಲ್ಲಿ ಸಂಗ್ರಹಿಸಿದ ಮಾದರಿ ಒಂದೂ ಇಲ್ಲ. ಕನ್ನಡಿಗರ ಗುಂಪಂತೂ ಇಲ್ಲವೇ ಇಲ್ಲ. ತುಮಕೂರಿನ ಒಂದು ಹಳ್ಳಿಯ ತಾಯಿಗೆ ನಾನು ಹಾಕಿಕೊಟ್ಟ ಲೆಕ್ಕ ನಿಂತಿರುವುದು ಇಂಥ ಬುನಾದಿಯ ಮೇಲೆ.

ಐಬಿಡಿಯ ಕಾರಣಗಳನ್ನು ಹುಡುಕುವ ಸಂಶೋಧನೆಯಲ್ಲೂ ಇದೇ ಕಥೆ. ಕ್ರೋನ್ಸ್ ಕಾಯಿಲೆಯ ಮೊದಲ ಜೀನ್ ಎಂದು 2001ರಲ್ಲಿ ಹೆಸರಾದ ನಾಡ್2ರ ಮೂರು ಪ್ರಸಿದ್ಧ ಬದಲಾವಣೆಗಳು ಭಾರತೀಯರಲ್ಲಿ ಅತಿ ವಿರಳ. 2015ರ ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಯುರೋಪ್ ಮೂಲದವರು 86,640 ಮಂದಿ. ಪೂರ್ವ ಏಷ್ಯಾ, ಭಾರತ, ಇರಾನ್ ಎಲ್ಲ ಕೂಡಿ 9,846. ಎಲ್ಲರನ್ನೂ ಸೇರಿಸಿ ನೋಡಿ ಕಾಯಿಲೆಗೆ ಸಂಬಂಧಿಸಿದ 38 ಹೊಸ ಜೀನ್ ಪ್ರದೇಶಗಳನ್ನು ಆ ಅಧ್ಯಯನ ಸೇರಿಸಿಕೊಂಡಿತು. ಅದೇ ವರ್ಷ ದೆಹಲಿ ವಿಶ್ವವಿದ್ಯಾಲಯದ ಬಿ.ಕೆ. ತೆಲ್ಮಾ ಅವರ ತಂಡ ಲುಧಿಯಾನದ ವೈದ್ಯರೊಡನೆ ಉತ್ತರ ಭಾರತದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಇಡೀ ಜೀನೋಮನ್ನು ಶೋಧಿಸಿ, ರೋಗನಿರೋಧಕ ಶಕ್ತಿಯನ್ನು ನಿರ್ದೇಶಿಸುವ ಎಚ್‌ಎಲ್‌ಎ ಪ್ರದೇಶದಲ್ಲಿ ಬಲವಾದ ಸುಳಿವುಗಳನ್ನು ಕಂಡಿತು. ಪಂಜಾಬಿನಲ್ಲಿ ಅದು ಸಾಧ್ಯವಾದದ್ದು ಲುಧಿಯಾನದವರು ಮನೆಮನೆ ಸುತ್ತಿ ರೋಗಿಗಳನ್ನು ಎಣಿಸುವ ಕೆಲಸದಿಂದ ಶುರುಮಾಡಿದ್ದಕ್ಕೆ. 2003ರಲ್ಲೇ ಅವರು ಲಕ್ಷಕ್ಕೆ 44 ಮಂದಿಯಲ್ಲಿ ಈ ಕಾಯಿಲೆ ಇದೆ ಎಂದು ತೋರಿಸಿದ್ದರು. ಅಂಥ ತಾಳ್ಮೆಯ ಎಣಿಕೆ ದಕ್ಷಿಣಕ್ಕೂ ಬೇಕು.

ಬೆಂಗಳೂರಿಗೆ ಈ ವಿಷಯದಲ್ಲಿ ಹೆಮ್ಮೆಪಡುವ ಕಾರಣವೂ ಇದೆ. 20 ಸಂಸ್ಥೆಗಳು ಸೇರಿ 10,000 ಭಾರತೀಯರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ. ಆ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು. ಇನ್ನು ಯಾವ ಸಮುದಾಯದಲ್ಲಿ ಯಾವ ಮದ್ದು ಯಾರಿಗೆ ಕೇಡು ಮಾಡಬಹುದೆಂದು ಇಲ್ಲಿನವರ ರಕ್ತದಿಂದಲೇ ಲೆಕ್ಕ ಹಾಕಬಹುದು. ಆದರೆ ಅವು ಸಾಮಾನ್ಯ ಜನರ ಮಾದರಿಗಳು. ರೋಗಿಗಳ ಜೀನೋಮನ್ನು ಅವರು ತೆಗೆದುಕೊಂಡ ಮದ್ದು, ಅದರ ಪರಿಣಾಮಗಳ ಜೊತೆ ಹೊಂದಿಸುವ ಕೆಲಸ ಆಸ್ಪತ್ರೆಗಳಲ್ಲೇ ಆಗಬೇಕು.

ಅಂಥದೊಂದು ಸಂಗ್ರಹಕ್ಕೆ ರಕ್ತ ಕೊಡುತ್ತೀಯಾ ಎಂದು ನಮ್ಮ ರೋಗಿಯನ್ನೂ ಕೇಳಿದೆವು. ಅರ್ಜಿಯಲ್ಲಿ ಜಾತಿ, ಉಪಜಾತಿಯ ಕಾಲಂ ನೋಡಿ ತಾಯಿ ಮುಖ ಗಂಟಿಕ್ಕಿದರು. ಆ ಅನುಮಾನ ನ್ಯಾಯವಾದದ್ದು. ಜಾತಿ ಕೇಳಿ ಒಳ್ಳೆಯದಾದದ್ದು ಅವರು ಬದುಕಿನಲ್ಲಿ ಹೆಚ್ಚು ಕಂಡಿಲ್ಲ. ನಾನು ಆರ್ಯವೈಶ್ಯರ ಉದಾಹರಣೆ ಕೊಟ್ಟೆ. ಶತಮಾನಗಳಿಂದ ತಮ್ಮೊಳಗೇ ಮದುವೆಯಾದ ಆ ಸಮುದಾಯದಲ್ಲಿ ಬ್ಯುಟಿರಿಲ್‌ಕೊಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಹೆಚ್ಚು. ಅಂಥವರಿಗೆ ಆಪರೇಷನ್ ವೇಳೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೊಲಿನ್ ಕೊಟ್ಟರೆ ಸ್ನಾಯುಗಳು ಗಂಟೆಗಟ್ಟಲೆ ಚಲಿಸುವುದಿಲ್ಲ, ಉಸಿರಾಟಕ್ಕೆ ಯಂತ್ರ ಬೇಕಾಗುತ್ತದೆ. ಗೊತ್ತಿರುವ ಅರಿವಳಿಕೆ ತಜ್ಞರು ಮೊದಲೇ ವಿಚಾರಿಸುತ್ತಾರೆ, ಜೀವ ಉಳಿಯುತ್ತದೆ. 2017ರ ಅಧ್ಯಯನವೊಂದು ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿ, 81 ಗುಂಪುಗಳಲ್ಲಿ ಈ ಬಗೆಯ ಆನುವಂಶಿಕ ಕುಗ್ಗುವಿಕೆ (ಕೆಲವೇ ಪೂರ್ವಜರಿಂದ ಬೆಳೆದ ಗುಂಪಿನಲ್ಲಿ ಜೀನ್ ವೈವಿಧ್ಯ ತಗ್ಗುವುದು) ಫಿನ್‌ಲೆಂಡಿನವರಿಗಿಂತಲೂ ತೀವ್ರ ಎಂದು ಕಂಡಿತು. ಸಂಶೋಧನೆಗೆ ಆ ಕಾಲಂ ಬೇಕಾಗುವುದು ಇದಕ್ಕೆ. ಮದ್ದಿನ ಚೀಟಿ ಬರೆಯಲು ಅದು ಬೇಡ, ಬಳಸಲೂ ಬಾರದು. ಎದುರಿಗೆ ಕೂತ ಮನುಷ್ಯನ ರಕ್ತ ಪರೀಕ್ಷಿಸಿದರೆ ಮುಗಿಯಿತು, ಜಾತಿಯ ಸರಾಸರಿ ಒಬ್ಬಳ ಉತ್ತರ ಆಗಲಾರದು.

ಮಗಳು ಕೇಳಿದ್ದು ಬೇರೆ: ‘ನನ್ ರಕ್ತದಲ್ಲಿ ಏನಾದ್ರೂ ಸಿಕ್ಕಿದ್ರೆ ನಂಗೂ ಹೇಳ್ತೀರಾ, ಇಲ್ಲಾ ನಿಮ್ ಕಂಪ್ಯೂಟರಲ್ಲೇ ಇಟ್ಕೊಳ್ತೀರಾ?’ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಅವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಚಿಕಿತ್ಸೆಗೆ ಉಪಯೋಗವಾಗುವ ಫಲಿತಾಂಶ ಮರಳಿ ತಿಳಿಸುತ್ತೇವೆಂಬ ಸಾಲನ್ನು ಆಕೆಯ ಅರ್ಜಿಯಲ್ಲಿ ಕೈಯಲ್ಲೇ ಬರೆದು ತಂಡದ ಮುಖ್ಯಸ್ಥರಿಂದ ಸಹಿ ಹಾಕಿಸಿದೆವು. ಆಮೇಲೆ ಆಕೆ ಸಹಿ ಹಾಕಿದಳು.

ಈಗ

ಕೂದಲು ಮತ್ತೆ ಬಂದಿದೆ. ಕರುಳಿಗೆ ಟೊಫಾಸಿಟಿನಿಬ್ ಮಾತ್ರೆ ನಡೆಯುತ್ತಿದೆ. ಮೊದಲ ಎಂಟು ವಾರ ದಿನಕ್ಕೆರಡು ಬಾರಿ 10 ಮಿಲಿಗ್ರಾಂ, ನಂತರ 5. ದೇಶದಲ್ಲೇ ತಯಾರಾಗುವ ಜೆನೆರಿಕ್ ಇರುವುದರಿಂದ ಖರ್ಚು ಹೊರಲಾಗದಷ್ಟಿಲ್ಲ. ರಕ್ತ ಹೋಗುವುದು ನಿಂತಿದೆ, ಸ್ಟಿರಾಯ್ಡ್ ಬಿಟ್ಟಿದ್ದಾಳೆ, ಬೆಳಗಿನ ತಿಂಡಿ ತಿಂದು ಪಾಳಿಗೆ ಹೋಗುತ್ತಾಳೆ.

ಮನೆಯಲ್ಲಿ ಮದುವೆಯ ಮಾತು ಶುರುವಾಗಿದೆ. ಚಿಕಿತ್ಸೆಯ ಮುಂದಿನ ತೊಡಕು ಅಲ್ಲಿಂದ ಬರುತ್ತದೆ. ಬಸಿರಾಗಬೇಕೆಂದರೆ ಟೊಫಾಸಿಟಿನಿಬ್ ನಿಲ್ಲಿಸಬೇಕು. ಬಸಿರಿನಲ್ಲೂ ಮುಂದುವರಿಸಬಹುದಾದ ಅಗ್ಗದ ಮದ್ದು ಅಜಾಥಯೋಪ್ರಿನ್, ಅದು ಆಕೆಗೆ ಎಂದೆಂದಿಗೂ ಇಲ್ಲ. ಉಳಿಯುವುದು ಇನ್‌ಫ್ಲಿಕ್ಸಿಮ್ಯಾಬ್‌ನಂಥ ಬಯಾಲಜಿಕ್ ಇಂಜೆಕ್ಷನ್. ಅದರ ವಿರುದ್ಧ ದೇಹ ಪ್ರತಿಕಾಯ ಬೆಳೆಸದಿರಲೆಂದು ಸಾಮಾನ್ಯವಾಗಿ ಜೊತೆಗೆ ಕೊಡುವುದೂ ಅಜಾಥಯೋಪ್ರಿನ್ನೇ. ಅದರ ಬದಲು ಕೊಡಬಹುದಾದ ಮೆಥೊಟ್ರೆಕ್ಸೇಟ್ ಭ್ರೂಣಕ್ಕೆ ವಿಷ. ಹೀಗಾಗಿ ಇಂಜೆಕ್ಷನ್ ಒಂಟಿಯಾಗಿಯೇ ನಡೆಯಬೇಕು, ರಕ್ತದಲ್ಲಿ ಮದ್ದಿನ ಮಟ್ಟ ನೋಡುತ್ತ. ಯಾರಲ್ಲಿ ಪ್ರತಿಕಾಯ ಬೇಗ ಹುಟ್ಟುತ್ತದೆಂದು ಮುನ್ಸೂಚಿಸುವ ಎಚ್‌ಎಲ್‌ಎ ಗುರುತೊಂದು 2020ರಲ್ಲಿ ಪ್ರಕಟವಾಯಿತು, ಅದು ಸಿಕ್ಕಿದ್ದೂ ಬ್ರಿಟನ್ನಿನ ರೋಗಿಗಳಲ್ಲಿ. ಆ ಪರೀಕ್ಷೆಯನ್ನು ಆಕೆಗೆ ಮಾಡಿಸಿ ಅದರ ಮೇಲೆ ನಿರ್ಧಾರ ಕಟ್ಟಲು ವೈದ್ಯರು ಒಪ್ಪಿಲ್ಲ, ನನಗೂ ಅದೇ ಸರಿ ಅನ್ನಿಸಿದೆ. ಮದುವೆ ನಿಶ್ಚಯವಾದ ಕೂಡಲೇ ಬಂದು ಹೇಳಲು ತಿಳಿಸಿದ್ದೇವೆ. ಇಂಜೆಕ್ಷನ್ನಿಗೆ ಬದಲಾಯಿಸುವ ಮುನ್ನ ಕ್ಷಯದ ಪರೀಕ್ಷೆ ಇನ್ನೊಮ್ಮೆ ಆಗಬೇಕು, ಬದಲಾಯಿಸಿದ ಮೇಲೆ ಕರುಳು ಶಾಂತವಾಗಿ ಕೆಲವು ತಿಂಗಳು ಕಳೆಯಬೇಕು, ಮಗುವಿನ ಯೋಚನೆ ಅದರ ನಂತರ.